ಮರ್ದಾನಸಾಬನ ಕಣ

ಮೊನ್ನೆ ಟೆಸ್ಟ್ ಪಂದ್ಯ ಶುರುವಾಗುವ ಮುಂಚೆ ಟಿವಿಯಲ್ಲಿ ಒಬ್ಬ ಪಂಡಿತ ಪಿಚ್ಚಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಜೇಬಿನಿಂದ ಕಾರಿನ ಕೀಲಿ ತೆಗೆದು, ನೆಲದ ಬಿರುಕಿನೊಳಗೆ ತುರುಕಿದ. ಎಷ್ಟು ಆಳ ಹೋಗುತ್ತದೆ ನೋಡಿ ಎಂದು ನಕ್ಕ. ಮೈಮೇಲೆ ಕೋಟು, ಕಾಲಲ್ಲಿ ಮಿರಿಮಿರಿ ಮಿಂಚುವ ಬೂಟು. ಆ ಬೂಟುಗಾಲು ಊರಿದ್ದು ಎಲ್ಲಿ ಗೊತ್ತೇ? ಪಿಚ್ಚಿನ ನಟ್ಟನಡುವೆ! "ಏ, ಇಳಿ ಕೆಳಗ! ಮೊದಲ ಕಾಲ್ಮರಿ ಬಿಡು!" ಎಂದು ಕೂಗಿಬಿಟ್ಟೆ. ಕಾಲ್ಮರಿ ಎಂದರೆ ನಮ್ಮ ಕಡೆ ಪಾದರಕ್ಷೆ. ಅಡುಗೆಮನೆಯಿಂದ ಹೆಂಡತಿ, "ಟಿವಿಗೆ ಕಿವಿ ಇಲ್ರಿ, ಸಾವಕಾಶ. ಬಾಜೂಕಿನ ಮನಿಯವರಿಗೆ ಅದಾವ," ಎಂದಳು.

ನೀವೂ ಈ ಪಂಡಿತರನ್ನು ಸಹಿಸಿಕೊಂಡೇ ಬಂದಿರುತ್ತೀರಿ. ಪರದೇಶದ ಹಸಿರು ಹುಲ್ಲಿನ ಮೇಲೆ ಪಂದ್ಯ ಎರಡನೇ ದಿನಕ್ಕೆ ಮುಗಿದರೆ ಇವರಿಗೆ ಅದು ಬ್ಯಾಟ್ಸ್‌ಮನ್ನನ ಸತ್ವಪರೀಕ್ಷೆ. ನಮ್ಮ ಒಣ ಮಣ್ಣಿನ ಮೇಲೆ ಮೂರನೇ ದಿನಕ್ಕೆ ಮುಗಿದರೆ ಮಾತ್ರ ಪಿಚ್ ಕೆಟ್ಟದ್ದು. ಚೆಂಡು ಮೂಗಿನ ಮುಂದೆ ಹಾದರೆ ಶೌರ್ಯ, ಪಾದದ ಬುಡದಲ್ಲಿ ತಿರುಗಿದರೆ ಮೋಸ. ಇದು ಯಾವ ನ್ಯಾಯ ಸ್ವಾಮಿ? ನಮ್ಮವರೇನು ಸಾಚಾಗಳಲ್ಲ. ಹುಲ್ಲು ಬೋಳಿಸಿ, ನೀರು ಹೊಡೆಯುವುದು ನಿಲ್ಲಿಸಿ ಎಂದು ಪಿಚ್ ಮಾಡುವವನಿಗೆ ಮೊದಲೇ ಹೇಳಿಸುತ್ತಾರೆ. ತಾವು ತೋಡಿದ ಗುಂಡಿಗೆ ತಾವೇ ಬಿದ್ದಾಗ ಮೈಕಿನ ಮುಂದೆ ನಿಂತು, ಪಿಚ್ ನಾವೆಣಿಸಿದ ಹಾಗಿರಲಿಲ್ಲ ಅನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆಯಲ್ಲಿ ಕುಣಿಯಲಾರದವಳಿದ್ದಾಳೆ, ನೆಲವೂ ಇದೆ. ನೆಲ ಸಾರಿಸಿದವರು ಯಾರೆಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ನನ್ನ ಸಿಟ್ಟಿರುವುದು ಅದಕ್ಕೆ.

ನೆಲ ಆಟಗಾರನನ್ನು ಏರಿಸುತ್ತದೆ, ಇಳಿಸುತ್ತದೆ ಎಂಬುದನ್ನು ಕಲಿಯಲು ನಾನು ಇಂಗ್ಲೆಂಡಿಗೆ ಹೋಗಬೇಕಾಗಲಿಲ್ಲ. ಪಕ್ಕದ ತಾಲ್ಲೂಕಿನ ಬಸ್ ಹತ್ತಿದರೆ ಸಾಕಿತ್ತು. ನಾನು ಕಾಲೇಜು ಓದುವಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಂಡಗಳು ಬಿಳಿ ಬಟ್ಟೆ ತೊಟ್ಟು ಎರಡು ದಿನದ ಪಂದ್ಯ ಆಡುತ್ತಿದ್ದವು. ಗಂಗಾವತಿಯವರು ಕಾಲುವೆ ನೀರಿನವರು. ಭತ್ತ ಕೊಯ್ದ ಗದ್ದೆಯಲ್ಲಿ ಆಡಿ ಬೆಳೆದ ಅವರಿಗೆ ಚೆಂಡು ಮೊಣಕಾಲಿನ ಮೇಲೆ ಏಳುತ್ತದೆಂಬುದೇ ಗೊತ್ತಿರಲಿಲ್ಲ. ಎಲ್ಲದಕ್ಕೂ ಮುಂಗಾಲು ಹಾಕುವರು. ಕುಷ್ಟಗಿಯದು ಕೆಂಪು ಗರಸು ನೆಲ. ಅಲ್ಲಿ ಚೆಂಡು ನೇರ ಎದೆಗೇ ಬರುತ್ತಿತ್ತು, ಅವರು ಹಿಂಗಾಲ ಮೇಲೆ ನಿಂತು ಅದನ್ನು ಬಾರಿಸುತ್ತಿದ್ದರು. ಯಲಬುರ್ಗಾದ ನಾವು ಎರೆಮಣ್ಣಿನವರು. ನಾನು ನಮ್ಮ ಮೈದಾನದಲ್ಲಿ ಹುಲಿ. ಕುಷ್ಟಗಿಗೆ ಹೋದರೆ ಹೆಲ್ಮೆಟ್ಟಿಲ್ಲದ ತಲೆ ತಗ್ಗಿಸುವುದರಲ್ಲೇ ನನ್ನ ಇನಿಂಗ್ಸ್ ಮುಗಿಯುತ್ತಿತ್ತು. ಇಲ್ಲಿ ಶತಕದ ಮೇಲೆ ಶತಕ ಹೊಡೆದ ಟೆಸ್ಟ್ ಆಟಗಾರರು ಸಮುದ್ರ ದಾಟಿದ ಕೂಡಲೇ ಬ್ಯಾಟ್ ಹಿಡಿಯುವುದನ್ನೇ ಮರೆತವರಂತೆ ಆಡುವುದನ್ನು ಕಂಡಾಗ ನನಗೆ ಕುಷ್ಟಗಿ ನೆನಪಾಗುತ್ತದೆ, ಸ್ವಲ್ಪ ಸಮಾಧಾನವೂ ಆಗುತ್ತದೆ.

ನಮ್ಮ ಯಲಬುರ್ಗಾದ ಪಿಚ್ ಮಾಡುತ್ತಿದ್ದವರು ತಳಕಲ್ಲಿನ ಮರ್ದಾನಸಾಬ ಕಾಕಾ. ಕ್ರಿಕೆಟ್ಟಿನ ಗಂಧವಿಲ್ಲದ ರೈತರು. ಆದರೆ ಜೋಳ ಒಕ್ಕುವ ಕಣ ಮಾಡುವುದರಲ್ಲಿ ಸುತ್ತಿನ ಹಳ್ಳಿಗಳಲ್ಲೆಲ್ಲ ಅವರ ಕೈಯೇ ಮೇಲು. ನೆಲ ಕೆತ್ತಿ, ನೀರು ಹೊಡೆದು, ಎತ್ತು ಕಟ್ಟಿ ರೋಣಗಲ್ಲು ಉರುಳಿಸಿ, ಸೆಗಣಿಯಿಂದ ಸಾರಿಸಿದರೆಂದರೆ ಅದರ ಮೇಲೆ ಸಾಸಿವೆ ಬಿದ್ದರೂ ಆರಿಸಿಕೊಳ್ಳಬಹುದಿತ್ತು. ಅದೇ ಹದದಲ್ಲಿ ನಮಗೆ ಇಪ್ಪತ್ತೆರಡು ಗಜ ಮಾಡಿಕೊಟ್ಟು, ಮೊದಲ ದಿನವೇ ನಮ್ಮನ್ನು ತಡೆದು ನಿಲ್ಲಿಸಿದರು.

"ಕಾಲ್ಮರಿ ಬಿಟ್ಟು ಬರ್ರಿ ತಮ್ಮಾ. ಕಣದಾಗ ಯಾರರ ಮೆಟ್ಟಿಕೊಂಡು ಅಡ್ಡಾಡ್ತಾರೇನು? ಅನ್ನ ಬೀಳೂ ಜಾಗಾ ಅದು."

"ಕಾಕಾ, ಇಲ್ಲಿ ಬೀಳೂದು ಚೆಂಡ್ರಿ," ಅಂದೆ.

"ಏನರ ಬೀಳಲಿ. ಕಣಾ ಅಂದ್ರ ಕಣಾನ."

ಕೊನೆಗೆ ರಾಜಿಯಾಯಿತು. ಬೌಲರುಗಳಿಗೆ ಬೂಟಿನ ರಿಯಾಯಿತಿ, ಉಳಿದವರಿಗೆಲ್ಲ ಬರಿಗಾಲು. ಅಂಪೈರ್ ಆಗಿದ್ದ ಡ್ರಿಲ್ ಮಾಸ್ತರರು ಬೇಸಿಗೆಯ ಬಿಸಿಲಲ್ಲಿ ಬರಿಗಾಲಲ್ಲಿ ನಿಂತು, ಕಾಲು ಅದಲುಬದಲು ಮಾಡುತ್ತ ಎಲ್ಬಿಡಬ್ಲ್ಯೂ ಕೊಡುತ್ತಿದ್ದುದನ್ನು ಗಂಗಾವತಿಯವರು ಬಹಳ ವರ್ಷ ಆಡಿಕೊಂಡು ನಕ್ಕರು.

ನಾನು ನಾಯಕನಾದ ವರ್ಷ ಅಂತಿಮ ಪಂದ್ಯ ನಮ್ಮಲ್ಲೇ ಬಂತು, ಅದೂ ಗಂಗಾವತಿಯ ಎದುರು. ನಮ್ಮಲ್ಲಿ ಒಬ್ಬ ಒಳ್ಳೆಯ ಸ್ಪಿನ್ನರ್ ಇದ್ದ. ಪಂದ್ಯಕ್ಕೆ ನಾಲ್ಕು ದಿನವಿರುವಾಗ ಕಾಕಾನ ಬಳಿ ಹೋಗಿ, "ಕಾಕಾ, ನೀರು ಹೊಡಿಯೂದು ಬಂದ್ ಮಾಡ್ರಿ. ನೆಲಾ ಬಿರೀಲಿ," ಅಂದೆ.

"ಬಿರೀಲಿ ಅಂತೀಯಲ್ಲ! ಬಿರುಕಿನ್ಯಾಗ ಕಾಳು ಹೋದ್ರ ಇರುವಿ ತಿಂತಾವ. ಬೇಕಂತ ಕಣಾ ಕೆಡಿಸೂದು ನನ್ನ ಕೈಲೆ ಆಗೂದಿಲ್ಲ ತಮ್ಮಾ."

"ತಾಲೂಕಿನ ಮರ್ಯಾದಿ ಪ್ರಶ್ನೆ ಐತ್ರಿ. ನೀವ ಹಿಂಗಂದ್ರ ಹ್ಯಾಂಗ?"

ಅವರು ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಎದ್ದುಹೋದರು. ಮರುದಿನದಿಂದ ಪಿಚ್ಚಿಗೆ ನೀರು ಬೀಳಲಿಲ್ಲ.

ನಮ್ಮ ಸ್ಪಿನ್ನರ್ ಮೊದಲ ದಿನ ಗಂಗಾವತಿಯವರನ್ನು ಬುಗುರಿ ಆಡಿಸಿದ. ಎರಡನೇ ದಿನ ಅವರಲ್ಲೊಬ್ಬ, ಹೊಟ್ಟೆ ಬಂದ ಅಕ್ಕಿ ಗಿರಣಿ ಮಾಲೀಕ, ಎರಡೇ ಹೆಜ್ಜೆ ಓಡಿ ಬಂದು ನಮ್ಮನ್ನು ಅದಕ್ಕಿಂತ ಚೆನ್ನಾಗಿ ಆಡಿಸಿದ. ಕೊನೆಯ ಇನಿಂಗ್ಸಿನಲ್ಲಿ ನಾನೊಬ್ಬ ನಿಂತಿದ್ದರೆ ಗೆಲ್ಲುತ್ತಿದ್ದೆವು. ನಾನೋ ಬಿರುಕು ನೋಡುತ್ತ ನೋಡುತ್ತ ಚೆಂಡು ನೋಡುವುದನ್ನೇ ಬಿಟ್ಟೆ. ಸೊನ್ನೆಗೆ ಬೌಲ್ಡ್ ಆದೆ.

ಬಹುಮಾನ ಹಂಚುವಾಗ ಸೋತ ನಾಯಕನೂ ಎರಡು ಮಾತಾಡಲಿ ಎಂದರು. ಮೈಕ್ ಹಿಡಿದು ನಾನು, "ನಾವು ಸೋತದ್ದು ಗಂಗಾವತಿಗೆ ಅಲ್ರಿ, ಪಿಚ್ಚಿಗೆ. ಪಿಚ್ ಮಾಡ್ರಿ ಅಂದ್ರ ಮರ್ದಾನಸಾಬ ಕಾಕಾ ಕಣಾ ಮಾಡ್ಯಾರ. ಅದೂ ಬಿರುಕು ಬಿಟ್ಟ ಕಣಾ!" ಅಂದೆ. ಇಡೀ ಮೈದಾನ ನಕ್ಕಿತು. ಕಾಕಾ ರೋಣಗಲ್ಲಿನ ಪಕ್ಕದಲ್ಲೇ ನಿಂತಿದ್ದರು. ನೀರು ನಿಲ್ಲಿಸು ಅಂದವನು ಇವನೇ ಎಂದು ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ.

ಮರುದಿನ ರೋಣಗಲ್ಲು ಒಯ್ಯಲು ಬಂದಾಗ ಮಾತ್ರ, ನನ್ನೊಬ್ಬನಿಗೇ ಕೇಳುವಂತೆ, "ತಮ್ಮಾ, ನೀ ಔಟಾದ ಚೆಂಡು ನೆಲಕ್ಕ ಬಿದ್ದಿದ್ದಿಲ್ಲಲ್ಲ?" ಅಂದರು.

ನಿಜ. ಅದು ಫುಲ್‌ಟಾಸ್. ಗಾಳಿಯಲ್ಲೇ ತೇಲಿ ಬಂದು ಸ್ಟಂಪಿಗೆ ಬಡಿದದ್ದು. ಬಿರುಕಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ನಾನು ಬೇರೆ ಕಡೆ ನೋಡಿದೆ. ಕಾಕಾ ಮತ್ತೆಂದೂ ಮೈದಾನಕ್ಕೆ ಬರಲಿಲ್ಲ. ತಾಲ್ಲೂಕಿನಲ್ಲಿ ಗೋಡೆ ಕುಸಿಯಲಿ, ಹೋಳಿಗೆ ಸೀಯಲಿ, "ಮರ್ದಾನಸಾಬನ ಕಣ ಆತು ನೋಡು" ಎನ್ನುವುದು ರೂಢಿಯಾಯಿತು. ಅವರನ್ನು ಕಣ ಮಾಡಲು ಕರೆಯುವವರೂ ಕಡಿಮೆಯಾದರು. ಒಕ್ಕುವ ಯಂತ್ರ ಬಂದದ್ದರಿಂದ ಹಾಗಾಯಿತು ಎಂದು ನಾನು ನನಗೇ ಹೇಳಿಕೊಂಡೆ.

ಇದೆಲ್ಲ ಮೊನ್ನೆ ಆ ಪಂಡಿತನ ಕೀಲಿಯ ಜೊತೆಗೇ ಮೇಲೆದ್ದು ಬಂತು. ಪಂದ್ಯ ಮೂರನೇ ದಿನಕ್ಕೆ ಮುಗಿಯಿತು. ಸೋತ ನಾಯಕ ಮೈಕಿನ ಮುಂದೆ ಪಿಚ್ಚಿನ ಮಾತು ಶುರು ಮಾಡಿದ. "ನಾಚಿಕಿ ಆಗಬೇಕು ಇವಂಗ!" ಎಂದು ನಾನು ಎದ್ದೇ ನಿಂತೆ. ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದ ಹೆಂಡತಿ, ಅವಳೂ ಕಾಕಾನ ಹಾಗೆ ತಳಕಲ್ಲಿನವಳೇ, ತಲೆಯೆತ್ತದೆ ಕೇಳಿದಳು: "ನೀವು ಎಂಥಾ ಚೆಂಡಿಗೆ ಔಟಾಗಿದ್ರಿ?"

ಮದುವೆಯಾದಾಗಿನಿಂದ ಪಿಚ್ ಕೈಕೊಟ್ಟಿತೆಂದೇ ಅವಳಿಗೆ ಹೇಳುತ್ತ ಬಂದವನು ನಾನು. ಅವತ್ತು ಯಾಕೋ ಬಾಯಿಗೆ ಸುಳ್ಳು ಬರಲಿಲ್ಲ. "ಫುಲ್‌ಟಾಸ್," ಅಂದೆ.

"ಗೊತ್ತೈತ್ರಿ. ನಮ್ಮೂರಾಗ ಎಲ್ಲಾರಿಗೂ ಗೊತ್ತೈತಿ. ಊರ ಅಳಿಯಾನ ಮುಂದ ಆ ಮಾತು ತೆಗೀಬ್ಯಾಡ್ರಿ ಅಂತ ಕಾಕಾನ ಹೇಳ್ಯಾನ. ಟಿವಿ ಮುಂದ ಒದರೂದು ಬಿಟ್ಟು ಅವನ ಮುಂದ ಹೋಗಿ ಮಾತಾಡ್ರಿ. ಇನ್ನೂ ಅದಾನ."

ರವಿವಾರ ತಳಕಲ್ಲಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಬೆನ್ನು ಬಾಗಿದೆ, ಕಣ್ಣು ಮಂಜಾಗಿದೆ. ಅಂದದ್ದು ಮಂದಿಯ ಮುಂದೆ, ಒಪ್ಪಿಕೊಳ್ಳುವುದೂ ಮಂದಿಯ ಮುಂದೆಯೇ ಆಗಬೇಕೆಂದು ಅವರ ಮಕ್ಕಳು, ನೆರೆಯವರು ಕೂಡುವವರೆಗೆ ಕಾದು ಹೇಳಿದೆ: "ನೀರು ಬಂದ್ ಮಾಡಿಸಿದಾಂವ ನಾನು. ಔಟಾಗಿದ್ದೂ ನನ್ನ ತಪ್ಪಿನಿಂದ. ನಿಮ್ಮ ಕಣಾ ಛಲೋ ಇತ್ತು ಕಾಕಾ."

"ಛಲೋ ಇದ್ದಿದ್ದಿಲ್ಲ!" ಆ ಮುದಿ ದನಿಯಲ್ಲಿ ಸಿಟ್ಟು ಇನ್ನೂ ಬಿಸಿಯಾಗಿತ್ತು. "ಆ ಕಣಾ ಕೆಟ್ಟಿತ್ತು. ನೀ ಮಂದಿ ನಗಿಸಿದಿ, ಅದನ್ನ ನಾ ಆವತ್ತ ಮರತೆ. ನೀ ಹೇಳಿದಿ ಅಂತ ನೀರು ನಿಲ್ಲಿಸಿದೆ ನೋಡು, ನನ್ನ ಕೈಲೆ ನಾನ ಕಣಾ ಕೆಡಿಸಿದೆ ನೋಡು, ಅದನ್ನ ಇನ್ನೂ ಮರತಿಲ್ಲ ತಮ್ಮಾ."

ಅವರ ಹೆಸರು ಕೆಡಿಸಿದ್ದಕ್ಕೆ ಕ್ಷಮೆ ಕೇಳುವುದೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಹೋಗಿದ್ದೆ. ಅವರ ಕೈಯಿಂದಲೇ ಅವರ ಕಣ ಕೆಡಿಸಿದ್ದಕ್ಕೆ ಕ್ಷಮೆ ಕೇಳಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ.

ಮುಂದಿನ ಪಂದ್ಯದ ಬೆಳಿಗ್ಗೆ ಅದೇ ಪಂಡಿತ ಮತ್ತೆ ಅದೇ ಕೀಲಿ ತೆಗೆದ. ನಾನು ಕೂಗಲಿಲ್ಲ. ಅವನ ಹಿಂದೆ, ಪರದೆಯ ಅಂಚಿನಲ್ಲಿ, ಪೊರಕೆ ಹಿಡಿದ ಮನುಷ್ಯನೊಬ್ಬ ಬಿರುಕಿನ ಕಡೆ ನೋಡಲಾರದೆ ನಿಂತಿದ್ದ. ಅವನಿಗೆ ನೀರು ನಿಲ್ಲಿಸು ಅಂದವರು ಯಾರೆಂದು ಪಂಡಿತ ಕೇಳಲಿಲ್ಲ. ಅವನ ಮುಖವನ್ನಾದರೂ ಸರಿಯಾಗಿ ನೋಡೋಣವೆಂದು ನಾನು ಎದ್ದು ಟಿವಿಯ ಹತ್ತಿರ ಹೋದೆ. ಅಷ್ಟರಲ್ಲಿ ಜಾಹೀರಾತು ಬಂತು.