ನಾಲ್ಕನೆಯವನ ಜಾಗ

ಮೊನ್ನೆ ಹಿರಿಯೂರು ಬೈಪಾಸಿನಲ್ಲಿ ಟೀ ಕುಡಿಯಲು ನಿಂತಿದ್ದಾಗ ಒಂದು ವಾಸನೆ ಬಂತು. ಡೀಸೆಲ್ಲು, ಬಿಸಿಲಿಗೆ ಕಾದ ಗ್ರೀಸು, ಅದರ ಜೊತೆಗೆ ದಪ್ಪ ಟಾರ್ಪಾಲಿನ ಮುಗ್ಗಲು... ತಿರುಗಿ ನೋಡಿದರೆ ರಸ್ತೆ ಬದಿಗೆ ಉದ್ದನೆಯ ಟ್ರೈಲರ್ ಲಾರಿ, ಅದರ ಮೇಲೆ ಟಾರ್ಪಾಲು ಹೊದಿಸಿದ ಟ್ಯಾಂಕು. ನೀರು ತುಂಬುವ ಟ್ಯಾಂಕಲ್ಲ, ಯುದ್ಧದ್ದು. ತೋಪಿನ ಕೊಳವೆಯ ತುದಿ ಮಾತ್ರ ಹೊರಗೆ ಇಣುಕುತ್ತಿತ್ತು. ಜನ ಬಿಡುತ್ತಾರೆಯೇ? ಮೊಬೈಲು ಹಿಡಿದು ಮುತ್ತಿಕೊಂಡರು. ನನ್ನ ಪಕ್ಕ ನಿಂತಿದ್ದವರೊಬ್ಬರು, ಇದರೊಳಗೆ ಎಷ್ಟು ಜನ ಕೂರುತ್ತಾರೋ ಏನೋ ಅಂದರು. ನನಗೆ ಬಾಯಿ ತಡೆಯಲಿಲ್ಲ. ಕೆಲವುಗಳಲ್ಲಿ ಮೂವರು, ಕೆಲವುಗಳಲ್ಲಿ ನಾಲ್ವರು, ಆ ಒಬ್ಬ ಬೇಕೋ ಬೇಡವೋ ಅಂತ ದೊಡ್ಡ ದೊಡ್ಡವರೆಲ್ಲ ವಾದ ಮಾಡಿದ್ದಾರೆ ಎಂದೆ. ಅವರು ನನ್ನ ಬಿಳಿ ಗಡ್ಡ ನೋಡಿ, ತಾವು ಮಿಲ್ಟ್ರಿಯಲ್ಲಿದ್ದಿರಾ ಎಂದು ಕೇಳಿದರು. ಇಲ್ಲ, ರೇಡಿಯೋ ರಿಪೇರಿ ಮಾಡುತ್ತಿದ್ದೆ ಎಂದಾಗ ಅವರ ಮುಖ ಸಪ್ಪಗಾಯಿತು.

ಟ್ಯಾಂಕಿನ ವಿಚಾರ ನನ್ನ ತಲೆಗೆ ತುಂಬಿದವರು ನಮ್ಮ ಪಕ್ಕದ ಮನೆಯ ಮಾಮ. ರಕ್ತ ಸಂಬಂಧದ ಮಾಮ ಅಲ್ಲ. ಅವರು ತಾಳ್ಯದ ಕುರುಬರ ಮನೆಯವರು. ನಾವು ಹಿರಿಯೂರಿನ ಮಸೀದಿ ಹಿಂದಿನ ಓಣಿಯಲ್ಲಿ ಸ್ಟವ್ವು, ಪೆಟ್ರೋಮ್ಯಾಕ್ಸು ರಿಪೇರಿ ಮಾಡುತ್ತಾ ತಲೆಮಾರು ಕಳೆದವರು. ಮಕ್ಕಳ ಓದಿಗೆಂದು ಅತ್ತೆ, ಅಂದರೆ ಮಾಮನ ಹೆಂಡತಿ, ನಮ್ಮ ಮಗ್ಗುಲಿನ ಮನೆಯನ್ನು ಬಾಡಿಗೆ ಹಿಡಿದಿದ್ದರು. ನಡುವಿನ ಗೋಡೆ ಒಂದೇ. ಇಲ್ಲಿ ಒಗ್ಗರಣೆ ಹಾಕಿದರೆ ಅಲ್ಲಿ ಸೀನುತ್ತಿದ್ದರು.

ಮಾಮ ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದರು. ಆರಡಿ ಮೀರಿದ ಆಳು. ನಮ್ಮ ಓಣಿಯ ಯಾವ ಬಾಗಿಲಲ್ಲೂ ತಲೆ ತಗ್ಗಿಸದೆ ಒಳಗೆ ಬಂದವರಲ್ಲ. ಬಾಗಿಲು ತಳ್ಳುವುದಾದರೂ ಅಂಗೈಯಿಂದಲ್ಲ, ಮುಷ್ಟಿ ಬಿಗಿದು. ಯಾಕೆ ಹಾಗೆ ಎಂದು ಕೇಳಿದ್ದಕ್ಕೆ ವಿವರಿಸಿದ್ದರು: ತೋಪಿನ ಹಿಂಬದಿಯಿಂದ ಗುಂಡನ್ನು ಒಳಗೆ ತಳ್ಳಿದ ಕೂಡಲೇ ಅಲ್ಲಿನ ಉಕ್ಕಿನ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದಂತೆ. ಬೆರಳು ಚಾಚಿಕೊಂಡಿದ್ದರೆ ಬೆರಳು ಅಲ್ಲೇ ಉಳಿಯುತ್ತದೆ. ಹಾಗಾಗಿ ಆ ಕೆಲಸ ಮಾಡುವವರೆಲ್ಲ ಮುಷ್ಟಿಯಿಂದಲೇ ತಳ್ಳುವುದು ಕಲಿಯುತ್ತಾರೆ, ಆಮೇಲೆ ಜೀವನಪೂರ್ತಿ ಹಾಗೇ ತಳ್ಳುತ್ತಾರೆ.

ಟ್ಯಾಂಕು ಪಡೆಯಲ್ಲಿ ಅವರ ಹುದ್ದೆಯ ಹೆಸರು ದಫೇದಾರ್, ಅಂದರೆ ಬೇರೆ ಪಡೆಗಳ ಹವಾಲ್ದಾರ್. ನಮ್ಮ ಕಡೆ ದಫೇದಾರನೆಂದರೆ ಡಿ.ಸಿ. ಸಾಹೇಬರ ಬಾಗಿಲಲ್ಲಿ ಪಟ್ಟಿ ಹಾಕಿಕೊಂಡು ನಿಲ್ಲುವವನು. ಅತ್ತೆಯ ತವರಿನವರೇ ಒಮ್ಮೆ ಬಂದು, ಚಿತ್ರದುರ್ಗದ ಆಫೀಸಿನಲ್ಲಿ ಪಹಣಿ ಕೆಲಸವೊಂದು ಮಾಡಿಸಿಕೊಡಿ ಎಂದು ಕೇಳಿದ್ದರು. ಮಾಮ ನಗುತ್ತಾ ನೋಡೋಣ ಎಂದಿದ್ದರು.

ವಿಜಯಂತ ಎಂಬ ಟ್ಯಾಂಕು ಅವರದ್ದು. ಅದರಲ್ಲಿ ನಾಲ್ಕು ಜನ: ಓಡಿಸುವವನು, ಗುರಿ ಹಿಡಿಯುವವನು, ಹುಕುಂ ಕೊಡುವ ಕಮಾಂಡರು, ಮತ್ತೆ ಗುಂಡು ತುಂಬುವ ಲೋಡರು. ಮಾಮ ಲೋಡರು. ಒಂದೊಂದು ಗುಂಡೂ ಐದಾರು ತಿಂಗಳ ಕುರಿಮರಿಯಷ್ಟು ಭಾರ. ಅಲುಗಾಡುವ ಗಾಡಿಯೊಳಗೆ ನಿಂತುಕೊಂಡೇ ಅದನ್ನು ಎತ್ತಿ, ತಿರುಗಿಸಿ, ತಳ್ಳಬೇಕು. ಎಪ್ಪತ್ತೊಂದರ ಯುದ್ಧದಲ್ಲೂ ಅವರು ಅಲ್ಲೇ ನಿಂತಿದ್ದರು.

ಎಂಬತ್ತರ ದಶಕದ ನಡುವಿನ ಒಂದು ರಜೆಗೆ ಮಾಮ ಬಂದಾಗ ಮುಖದಲ್ಲಿ ಕಳೆ ಇರಲಿಲ್ಲ. ಅವರ ರೆಜಿಮೆಂಟಿಗೆ ಹಳೆಯ ವಿಜಯಂತ ಹೋಗಿ ರಷ್ಯಾದ ಹೊಸ ಟ್ಯಾಂಕು ಬರುತ್ತಿತ್ತು. ಅದರಲ್ಲಿ ಮೂರೇ ಜನ. ಟ್ಯಾಂಕಿನ ತಳದಲ್ಲಿ ರಾಟೆಯಂತೆ ತಿರುಗುವ ತಟ್ಟೆ, ಅದರಲ್ಲಿ ಗುಂಡು. ಬಟನ್ ಒತ್ತಿದರೆ ಮಿಷನ್ನೇ ಎತ್ತಿ ತೋಪಿಗೆ ತುಂಬುತ್ತದೆ. ಲೋಡರನ ಕೆಲಸವೇ ಇಲ್ಲ. ಬೇರೆ ಸೀಟು ಕಲಿಯೋಣವೆಂದರೆ ಆ ಟ್ಯಾಂಕು ಗಿಡ್ಡ, ಒಳಗೆ ಕೂರುವವರೂ ಗಿಡ್ಡಗಿರಬೇಕು. ಮಾಮನ ಮಂಡಿಯೇ ಹಿಡಿಸಲಿಲ್ಲವಂತೆ. ಇನ್ನು ಉಳಿದದ್ದು ಎರಡು ದಾರಿ: ಸ್ಟೋರಿನಲ್ಲಿ ಸಾಮಾನು ಎಣಿಸುವುದು, ಇಲ್ಲವೇ ಪಿಂಚಣಿ ತೆಗೆದುಕೊಂಡು ಮನೆಗೆ ಬರುವುದು. ರಜೆ ಮುಗಿಯುವುದರೊಳಗೆ ನಿರ್ಧಾರ ಹೇಳಬೇಕಿತ್ತು.

ನಾನಾಗ ಮದುವೆಯಾಗದ, ನಾಲಿಗೆಗೆ ಲಗಾಮಿಲ್ಲದ ಆಸಾಮಿ. ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ಅಂಗಡಿ ಇಟ್ಟಿದ್ದೆ. ವಾಲ್ವ್ ಸೆಟ್ಟುಗಳು ಹೋಗಿ ಟ್ರಾನ್ಸಿಸ್ಟರ್ ಬಂದದ್ದನ್ನು ಕಂಡವನು, ಹೊಸದು ಯಾವುದೇ ಬರಲಿ ಅದರ ಕಡೆಗೇ ನನ್ನ ಓಟು. ಮಿಷನ್ನು ಸುಸ್ತಾಗುವುದಿಲ್ಲ, ಹೆದರುವುದಿಲ್ಲ, ಅದಕ್ಕೆ ರಜೆ ಬೇಡ, ಒಳ್ಳೆಯದೇ ಆಯಿತಲ್ಲ ಮಾಮ ಎಂದುಬಿಟ್ಟೆ. ಅತ್ತೆ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಮಾಮ ಮಾತ್ರ ಆ ಸಲದ ರಜೆಯಲ್ಲಿ ಮೊದಲ ಬಾರಿಗೆ ನಕ್ಕರು.

ಅದಾದ ವಾರಕ್ಕೆ ಮಾಮನ ಪಡೆಯಲ್ಲಿದ್ದ ಹೊಸದುರ್ಗದ ಸೈನಿಕನೊಬ್ಬ ರಜೆಗೆ ಬರುತ್ತಾ ಸುದ್ದಿ ತಂದ. ಮಾಮನ ಹಳೆಯ ಮೇಜರ್ ಸಾಹೇಬರು ಮುಂದಿನ ಭಾನುವಾರ ಪುಣೆ ಕಡೆಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಬರುತ್ತಾರೆ, ಹಿರಿಯೂರಿನಲ್ಲಿ ಇಳಿದು ಮಾಮನ ಮನೆಯಲ್ಲೇ ಊಟ ಮಾಡುತ್ತಾರೆ. ನಮ್ಮ ದೇಶದವರೇ ಒಂದು ಟ್ಯಾಂಕು ತಯಾರಿಸುತ್ತಿದ್ದಾರೆ, ಅದನ್ನು ಪರೀಕ್ಷೆಗೆ ಓಡಿಸುವ ತಂಡ ಈಗ ಆ ಸಾಹೇಬರ ಕೈಯಲ್ಲಿದೆ. ಅದರೊಳಗೆ ಮೂವರೋ ನಾಲ್ವರೋ ಎಂಬ ಚರ್ಚೆ ಇನ್ನೂ ನಿಂತಿಲ್ಲ. ಮಾಮ ಏನು ಹೇಳುತ್ತಾರೆ ಎಂದು ಕೇಳಬೇಕಂತೆ. ನಾಲ್ವರು ಅಂತಾದರೆ ಪರೀಕ್ಷೆಗೆ ಅನುಭವಸ್ಥ ಲೋಡರುಗಳು ಬೇಕಾಗುತ್ತಾರೆ ಎಂಬುದನ್ನೂ ಆ ಸೈನಿಕ ಸೇರಿಸಿದ.

ಅತ್ತೆಯ ಮುಖ ಅರಳಿತು. ನಾಲ್ಕು ಅಂತ ಹೇಳ್ರಿ, ಅಲ್ಲಿಗೆ ಮುಗೀತು ಎಂದರು.

"ನಾಲ್ಕು ಬೇಕು ಅಂತ ನಂಗೆ ಅನ್ಸೋದು ಟ್ಯಾಂಕಿಗೋಸ್ಕರನೋ, ನನ್ನ ಹೊಟ್ಟೆಗೋಸ್ಕರನೋ, ಅದೇ ಗೊತ್ತಾಗ್ತಿಲ್ಲ ಕಣೇ" ಎಂದರು ಮಾಮ.

ಮಾರನೆಯ ದಿನ ಮಧ್ಯಾಹ್ನ ಅಂಗಡಿಗೆ ಬಂದರು. ಕರೆಂಟು ಹೋಗಿತ್ತು, ಬೆಸುಗೆ ಹಾಕುವಂತಿರಲಿಲ್ಲ, ನಾನು ಸುಮ್ಮನೆ ಕೂತಿದ್ದೆ. ಎದುರಿಗೆ ಸ್ಟೂಲು ಎಳೆದುಕೊಂಡು, "ಲೇ, ನೀನು ಮಿಷನ್ ಪರ ಮಾತಾಡು. ಬಿಡಬ್ಯಾಡ, ಎಷ್ಟು ಬರ್ತೈತೋ ಅಷ್ಟೂ ಹೇಳು" ಎಂದರು.

ಆ ವಾರವೆಲ್ಲ ಕರೆಂಟು ಹೋದಾಗಲೆಲ್ಲ ನಮ್ಮ ವಾದ. ನನಗೆ ಅದಕ್ಕಿಂತ ಖುಷಿಯ ಕೆಲಸ ಬೇರೆ ಇರಲಿಲ್ಲ. ಪತ್ರಿಕೆಯಲ್ಲಿ ಓದಿದ್ದು, ಊಹಿಸಿದ್ದು, ಎಲ್ಲವನ್ನೂ ಸುರಿದೆ. ಆಳು ಕಡಿಮೆಯಾದರೆ ಗಾಡಿ ಸಣ್ಣದಾಗುತ್ತದೆ, ಹಗುರಾಗುತ್ತದೆ, ಎತ್ತರ ಕಡಿಮೆಯಾದರೆ ವೈರಿಯ ಕಣ್ಣಿಗೆ ಬೀಳುವುದಿಲ್ಲ. ಮಾಮನದೊಂದು ವಿಚಿತ್ರ ಪದ್ಧತಿಯಿತ್ತು. ನಾನು ಹೇಳಿದ್ದನ್ನು ಮೊದಲು ತಾವೇ ಒಮ್ಮೆ ಹೇಳುತ್ತಿದ್ದರು, ನನಗಿಂತ ಚೆನ್ನಾಗಿ, ನಾನು ಮರೆತದ್ದನ್ನೂ ಸೇರಿಸಿ. ಹಗುರಾದರೆ ನಮ್ಮ ನದಿ ಸೇತುವೆಗಳು ಭಾರ ತಾಳುತ್ತವೆ, ಅದನ್ನು ಬಿಟ್ಟೆಯಲ್ಲ ಎನ್ನುತ್ತಿದ್ದರು. ಆಮೇಲೆಯೇ ಅವರ ಮಾತು: ಗುಂಡೆಲ್ಲ ಕೂತವರ ಕಾಲ ಕೆಳಗೇ ಇರುತ್ತದೆ, ಅಲ್ಲಿಗೆ ಏಟು ಬಿದ್ದರೆ ಏನು ಗತಿ? ಮಿಷನ್ನು ಕೆಟ್ಟರೆ ಕೈಯಲ್ಲಿ ತುಂಬುವುದಕ್ಕೆ ಒಳಗೆ ಜಾಗ ಎಲ್ಲಿದೆ? ಊಟದ ಬುತ್ತಿ ತಂದ ಅತ್ತೆ ಇದನ್ನೆಲ್ಲ ಕೇಳಿ, ನಿಮ್ಮ ಕೂಳು ಕಸಿಯೋ ಮಿಷನ್ನಿಗೆ ನೀವೇ ವಕೀಲ್ರಾಗಿದೀರಲ್ಲ ಎಂದು ಹೊರಟುಹೋದರು.

ಒಂದು ಮಧ್ಯಾಹ್ನ ನಾನು ಹಟ ಹಿಡಿದೆ. ಗುಂಡು ತುಂಬುವುದು ಬಿಟ್ಟರೆ ಆ ನಾಲ್ಕನೆಯವನು ಮಾಡುವುದೇನು ಹೇಳಿ ಎಂದೆ. ಮಾಮ ನಿಧಾನಕ್ಕೆ ಶುರು ಮಾಡಿದರು. ಯುದ್ಧದಲ್ಲಿ ಅವರ ಟ್ಯಾಂಕಿನ ಗಾಲಿಗಳಿಗೆ ಸುತ್ತಿದ ಚೈನು ಒಂದು ಕಬ್ಬಿನ ಗದ್ದೆಯಲ್ಲಿ ಕಳಚಿಕೊಂಡಿತು. ಓಡಿಸುವವನ ತೊಡೆಗೆ ಗುಂಡಿನ ಚೂರು ಹೊಕ್ಕಿತ್ತು. ಅವನನ್ನು ಎಳೆದು ನೆರಳಿಗೆ ಹಾಕಿ, ಒಬ್ಬ ಮೇಲೆ ಕಾವಲು ನಿಂತು, ಇಬ್ಬರು ಆ ಉಕ್ಕಿನ ಚೈನನ್ನು ಹಾರೆ ಹಾಕಿ ಎಳೆದು ಕೂರಿಸಿದರು. ಆ ಇಬ್ಬರಲ್ಲಿ ಮಾಮ ಒಬ್ಬರು. ಸಂಜೆ ಸ್ಟವ್ವು ಹಚ್ಚಿ ಟೀ ಮಾಡಿ ಗಾಯಾಳುವಿಗೆ ಗುಟುಕು ಗುಟುಕಾಗಿ ಕುಡಿಸಿದವರೂ ಅವರೇ. ಅವನು ಬದುಕಿದ. ನನಗೆ ವಾದ ಮರೆತುಹೋಯಿತು. ಸಾಹೇಬರಿಗೆ ಇದೊಂದನ್ನು ಹೇಳಿ, ಸಾಕು, ಅವರು ಒಪ್ಪುತ್ತಾರೆ ಎಂದೆ.

"ಹೇಳಲ್ಲ" ಎಂದರು ಮಾಮ. "ಇದು ಕೇಳಿದ್ರೆ ಯಾರಾದ್ರೂ ಕರಗ್ತಾರೆ. ಕರಗಿಸಿ ಒಪ್ಪಿಸೋದು ಬ್ಯಾಡ."

ಭಾನುವಾರ ಜೀಪು ಓಣಿಯ ಬಾಯಲ್ಲಿ ನಿಂತಿತು. ಸಾಹೇಬರು ಮೈಸೂರಿನ ಕಡೆಯವರು, ಸಣಕಲು ದೇಹ, ಕಣ್ಣು ಮಾತ್ರ ಚುರುಕು. ಅವರಿಗೆ ಕೂರಲು ತಕ್ಕದ್ದೆಂದು ನಮ್ಮ ಮನೆಯ ಕುರ್ಚಿ ಹೊತ್ತುಕೊಂಡು ಹೋದ ನೆಪದಲ್ಲಿ ನಾನೂ ಅಲ್ಲೇ ಉಳಿದೆ. ಅವರು ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತು ಮುದ್ದೆ, ಹುರುಳಿ ಸಾರು ಉಂಡರು. ಕೈ ತೊಳೆಯುವ ಮುಂಚೆಯೇ ವಿಷಯಕ್ಕೆ ಬಂದರು.

ಮಾಮ ಮಿಷನ್ನಿನ ಗುಣಗಾನದಿಂದ ಶುರು ಮಾಡಿದರು. ನಾನು ಅಂಗಡಿಯಲ್ಲಿ ಹೇಳಿದ್ದನ್ನೆಲ್ಲ ಒಂದೊಂದಾಗಿ ಅವರ ಮುಂದಿಟ್ಟರು, ಒಂದನ್ನೂ ಬಿಡಲಿಲ್ಲ. ಕತ್ತಲಲ್ಲಿ ತನ್ನ ಕೈ ತಡವರಿಸುತ್ತದೆ, ಮಿಷನ್ನಿನದು ತಡವರಿಸುವುದಿಲ್ಲ ಎಂದೂ ಒಪ್ಪಿಕೊಂಡರು. ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ಕುಕ್ಕುವ ಸದ್ದು ಜೋರಾಯಿತು. ನನ್ನ ಮಾತುಗಳೇ ಅವರ ಅನ್ನಕ್ಕೆ ಮಣ್ಣು ಹಾಕುತ್ತಿವೆ ಅನಿಸಿತು.

"ಹಾಗಾದ್ರೆ ಮೂರೇ ಸಾಕು ಅಂತೀಯೇನಯ್ಯಾ?" ಎಂದರು ಸಾಹೇಬರು.

"ಗುಂಡು ತುಂಬಾಕೆ ನಾಲ್ಕನೇನು ಬ್ಯಾಡ ಸಾರ್" ಎಂದರು ಮಾಮ. "ಉಳಿದ ಮೂರು ಜನಕ್ಕೆ ಬೇಕು."

ಸಾಹೇಬರು ಎಂಜಲು ಕೈ ಹಾಗೇ ಹಿಡಿದುಕೊಂಡು ಕೇಳುತ್ತಿದ್ದರು. ಮಾಮ ತಮ್ಮ ಊರಿನ ಕುರಿಯ ಲೆಕ್ಕದಲ್ಲೇ ಬಿಡಿಸಿ ಹೇಳಿದರು. ಹಿಂಡು ಹೊಡೆದುಕೊಂಡು ಹೋಗುವಾಗ ದಾರಿ ತೋರಿಸಲು ಮುಂದೆ ಒಬ್ಬ ಸಾಕು. ಆದರೂ ಹಿಂದೆ ಒಬ್ಬ ನಡೆಯುತ್ತಾನೆ. ಕುಂಟುವ ಕುರಿ, ದಾರಿಯಲ್ಲಿ ಈದ ಮರಿ ಎಲ್ಲ ಅವನ ಪಾಲು. ಏನೂ ಆಗದ ದಿನ ಅವನು ದಂಡದ ಆಳಿನಂತೆ ಕಾಣುತ್ತಾನೆ. ರಾತ್ರಿ ಕಾವಲು, ಕಳಚಿದ ಚೈನು, ಗಾಯವಾದವನ ಆರೈಕೆ, ಇವನ್ನು ಮೂವರೇ ಹಂಚಿಕೊಂಡರೆ ಬೆಳಗ್ಗೆ ಗುರಿ ಹಿಡಿಯುವವನ ಕಣ್ಣು ಮುಚ್ಚುತ್ತಿರುತ್ತದೆ ಎಂದರು. ಕಬ್ಬಿನ ಗದ್ದೆಯ ಕಥೆ ಹೇಳಲಿಲ್ಲ.

ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಮಾಮ ನಿಲ್ಲಿಸಲಿಲ್ಲ.

"ಇನ್ನೊಂದು ಮಾತು ಸಾರ್. ಇದನ್ನ ಹೇಳ್ತಿರಾನು ಕೆಲಸ ಹೋಗ್ತಿರೋ ಮನುಷ್ಯ. ಅದನ್ನೂ ಲೆಕ್ಕಕ್ಕೆ ತಗಳ್ರಿ. ಬ್ಯಾರೇರ್ನೂ ಕೇಳ್ರಿ."

ಸಾಹೇಬರು ಎದ್ದು ಕೈ ತೊಳೆದರು. ಸಾರು ಚೆನ್ನಾಗಿತ್ತಮ್ಮ ಎಂದು ಅತ್ತೆಗೆ ಹೇಳಿದರು. ಜೀಪು ಹೊರಟುಹೋಯಿತು. ಒಂದು ಭರವಸೆಯ ಮಾತಿಲ್ಲ. ಕೈಗೆ ಬಂದದ್ದನ್ನು ಕಾಲಲ್ಲಿ ಒದ್ದಿರಲ್ಲ ಎಂದು ನಾನು ಮಾಮನ ಮೇಲೆ ರೇಗಿದೆ. ಮಿಷನ್ನಿನ ಪಕ್ಷದವನಾದ ನಾನು ಯಾಕೆ ಅಷ್ಟು ರೇಗಿದೆನೋ ನನಗೇ ತಿಳಿಯದು. ಮಾಮನ ಮುಖ ಮಾತ್ರ ಬಹಳ ದಿನಗಳ ಮೇಲೆ ನಿರಾಳವಾಗಿತ್ತು. ಅಂದು ಮಧ್ಯಾಹ್ನ ಚಾಪೆಯ ಮೇಲೆ ಕಾಲು ಚಾಚಿ ಗೊರಕೆ ಹೊಡೆದರು.

ರಜೆ ಮುಗಿದು, ಸ್ಟೋರಿನ ಕೆಲಸಕ್ಕೆ ಒಪ್ಪಿ ಹೊರಟರು. ಬೇಸಿಗೆ ಕಳೆಯುವ ಹೊತ್ತಿಗೆ ಅತ್ತೆ ನಮ್ಮ ಮನೆಗೆ ಬೆಲ್ಲ ಹಿಡಿದುಕೊಂಡು ಬಂದರು. ಮಾಮನನ್ನು ಮರುಭೂಮಿಗೆ, ಆ ಹೊಸ ಟ್ಯಾಂಕಿನ ಪರೀಕ್ಷೆಗೆ ಕಳಿಸಿದ್ದರು. ಲೋಡರಾಗಿಯೇ.

ಮಾಮನ ಮಾತಿನಿಂದಲೇ ನಾಲ್ಕನೆಯ ಜಾಗ ಉಳಿಯಿತು ಎಂದು ನಾನು ಕೊಚ್ಚಿಕೊಳ್ಳಲಾರೆ. ಅರ್ಜುನ್ ಎಂದು ಹೆಸರಿಟ್ಟ ಆ ಟ್ಯಾಂಕಿನ ನಕ್ಷೆಯಲ್ಲಿ ಮೊದಲಿನಿಂದಲೂ ನಾಲ್ವರೇ ಇದ್ದರೆಂದು ಆಮೇಲೆ ಎಲ್ಲೋ ಓದಿದೆ. ಸಾಹೇಬರು ಅಂದು ಬಂದದ್ದು ಉತ್ತರ ಕೇಳುವುದಕ್ಕೋ, ಉತ್ತರ ಹೇಳುವವನನ್ನು ನೋಡುವುದಕ್ಕೋ... ಪರೀಕ್ಷೆಯ ತಂಡಕ್ಕೆ ಎಂಥ ಆಳು ಬೇಕೆಂದು ಅವರಿಗೆ ಗೊತ್ತಿದ್ದಿರಬೇಕು. ಮಾಮ ಮುಂದಿನ ರಜೆಗಳಲ್ಲಿ ಬಿಸಿಲಿಗೆ ಕಪ್ಪಾಗಿ ಬಂದು, ನಮ್ಮ ಟ್ಯಾಂಕಿನ ತೂಕ ಹೆಚ್ಚಾಯಿತು ಎಂದು ತಾವೇ ದೂರುತ್ತಿದ್ದರು. ನಾನು ಅದನ್ನು ಬಿಟ್ಟುಕೊಡದೆ ಹೊಗಳುತ್ತಿದ್ದೆ. ಹೀಗೆ ನಮ್ಮ ಪಕ್ಷಗಳು ಅದಲುಬದಲಾಗಿದ್ದವು.

ಅವರು ನಿವೃತ್ತರಾಗಿ ಬಂದ ಮೇಲೆ ಒಂದು ಗಣರಾಜ್ಯೋತ್ಸವದ ಬೆಳಗ್ಗೆ ನನ್ನ ಅಂಗಡಿಯ ಟಿ.ವಿ.ಯಲ್ಲಿ ಆ ಟ್ಯಾಂಕು ದೆಹಲಿಯ ರಸ್ತೆಯಲ್ಲಿ ಹೋಯಿತು. ಮೇಲೆ ಇಬ್ಬರು ನಿಂತಿದ್ದರು. ನನ್ನ ಕಣ್ಣಿಗೆ ಇಬ್ಬರೂ ಒಂದೇ. ಮಾಮ ಪರದೆಯ ಹತ್ತಿರ ಹೋಗಿ ಲೋಡರನ ಜಾಗದಲ್ಲಿ ನಿಂತವನ ಮೇಲೆ ಬೆರಳಿಟ್ಟು, ಇವನು ನಮ್ಮವನು ಎಂದರು. ಅವರ ಕಣ್ಣು ತುಂಬಿತ್ತು, ನನ್ನದೂ ತುಂಬಿತು.

ಮಾಮ ಹೋಗಿ ಬಹಳ ವರ್ಷವಾಯಿತು. ಅತ್ತೆ ತಾಳ್ಯಕ್ಕೆ ಮರಳಿದರು, ಅವರೂ ಈಗಿಲ್ಲ. ರೇಡಿಯೋ ರಿಪೇರಿ ಎಂಬ ಕೆಲಸವೂ ಇಲ್ಲ. ಅದೇ ಅಂಗಡಿಯಲ್ಲಿ ನನ್ನ ಮಗಳು ಮೊಬೈಲು ಸರಿಮಾಡುತ್ತಾಳೆ, ನಾನು ಮೂಲೆಯಲ್ಲಿ ಕೂತು ಪತ್ರಿಕೆ ಓದುತ್ತೇನೆ. ಬೈಪಾಸಿನಿಂದ ಬಂದ ಆ ಸಂಜೆ ಅವಳಿಗೆ ಟ್ಯಾಂಕಿನ ವಿಷಯ ಹೇಳಿದೆ. ಮುಂದೆ ಒಳಗೆ ಒಬ್ಬರೂ ಇಲ್ಲದೆ ಓಡುವ ಟ್ಯಾಂಕು ಬರುತ್ತದಂತೆ ಎಂದಳು. ನನಗೆ ಉರಿಯಿತು. ಮನುಷ್ಯರೇ ಇಲ್ಲದ ಮೇಲೆ ಅದೇನು ಯುದ್ಧ, ಅದೇನು ಟ್ಯಾಂಕು ಎಂದು ಶುರು ಹಚ್ಚಿಕೊಂಡೆ. ಅವಳು ಕೈಯಲ್ಲಿದ್ದ ಕೆಲಸ ಬಿಡದೆ, "ಒಳಗೆ ಯಾರೂ ಇಲ್ಲ ಅಂದ್ರೆ ಒಳಗೆ ಯಾರೂ ಸಾಯಲ್ಲ ಅಲ್ವಾ ಅಬ್ಬಾ?" ಎಂದಳು.

ಮಾಮನ ಪದ್ಧತಿ ನೆನಪಾಯಿತು. ಅವಳ ಮಾತನ್ನು ಮೊದಲು ನಾನೇ ಒಮ್ಮೆ ಹೇಳಿನೋಡೋಣ, ಅವಳಿಗಿಂತ ಚೆನ್ನಾಗಿ, ಅವಳು ಮರೆತದ್ದನ್ನೂ ಸೇರಿಸಿ ಎಂದುಕೊಂಡೆ. ಶುರು ಮಾಡಿದೆ. ಮಗಳು ತಲೆಯೆತ್ತಿ ನನ್ನನ್ನೇ ನೋಡಿದಳು; ಅಪ್ಪ ತನ್ನ ಪರ ಮಾತಾಡುವುದನ್ನು ಅವಳು ಕಂಡಿರಲಿಲ್ಲ. ಅರ್ಧ ದಾರಿಯವರೆಗೆ ಚೆನ್ನಾಗಿಯೇ ಹೇಳಿದೆ. ಅಲ್ಲಿಂದ ಮುಂದಕ್ಕೆ ಹೇಳಿಕೊಡಲು ಮಾಮ ಇರಬೇಕಾಗಿತ್ತು.