ಒಂದೇ ಬಾಗಿಲಿನ ಪಾಳಿ

ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಆಕೆಯನ್ನು ಓಣಿಯವರೆಲ್ಲ ಗುಂಡಿಯಕ್ಕ ಎನ್ನುತ್ತಿದ್ದರು. ಅವಳ ಸಂಸಾರ ಕೆಳಗಿನ ಎರಡು ಕೋಣೆಗಳಲ್ಲಿ, ಮೈದುನನದು ಮಹಡಿಯ ಮೇಲೆ. ಮೈದುನನ ಹೆಂಡತಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಮೇಲಿನವಳು ಬಟ್ಟೆ ಹಿಂಡದೆ ಹರವುವುದು, ಆ ನೀರು ಕೆಳಗಿನವಳ ಒಣಗಿದ ಬಟ್ಟೆಯ ಮೇಲೆ ತೊಟ್ಟಿಕ್ಕುವುದು ವರ್ಷಗಟ್ಟಲೆ ನಡೆದಿತ್ತು. ಒಂದು ದಿನ ಗುಂಡಿಯಕ್ಕ ಕತ್ತರಿ ಹಿಡಿದು ಮೆಟ್ಟಿಲು ಹತ್ತಿ ಹಗ್ಗವನ್ನೇ ಕತ್ತರಿಸಿಬಿಟ್ಟಳು. ಬಟ್ಟೆಗಳೆಲ್ಲ ಕೆಸರಿಗೆ ಬಿದ್ದವು. ಅಂದಿನಿಂದ ಓರಗಿತ್ತಿಯರ ನಡುವೆ ಮಾತು ನಿಂತಿತು.

ಪುರಸಭೆ ಹಳೆಯ ಅಗ್ನಿಶಾಮಕ ಶೆಡ್ಡನ್ನು ಒಗೆಯುವ ಮನೆ ಮಾಡಲು ಹೊರಟಾಗ ಓಣಿಯೆಲ್ಲ ಹಿಗ್ಗಿತು. ದೊಡ್ಡ ಯಂತ್ರಗಳು, ಬಿಸಿಗಾಳಿಯ ಒಣಗಿಸುವ ಕೋಣೆ, ಪ್ರತಿ ಮನೆಗೂ ವಾರಕ್ಕೊಂದು ಪಾಳಿ, ಎಲ್ಲ ಉಚಿತ. ವಾರ್ಡಿನ ಸಭೆಯಲ್ಲಿ ಎದ್ದು ನಿಂತವಳು ಗುಂಡಿಯಕ್ಕ ಒಬ್ಬಳೇ.

"ನಮ್ಮನೆ ಕೊಳೆ ಊರಿಗೆಲ್ಲ ತೋರಿಸೋ ತೆವಲು ನನಗಿಲ್ಲ."

"ತೊಳೆದ ಮೇಲೆ ತೋರಿಸಿ ಅಕ್ಕ," ಎಂದ ವಾರ್ಡಿನ ಸದಸ್ಯ.

ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿ ಓರಗಿತ್ತಿ ನಕ್ಕಿದ್ದು ಬೇರೆಯಾಗಿಯೇ ಕೇಳಿಸಿ ಅವಳ ಮೈಯೆಲ್ಲ ಉರಿಯಿತು.

ಅದಕ್ಕಿಂತ ಉರಿಸಿದ್ದು ಪಾಳಿಯ ವಿಷಯ. ಬಾಗಿಲ ನಂಬರು ಒಂದೇ ಆದ್ದರಿಂದ ಇಬ್ಬರಿಗೂ ಸೇರಿ ಒಂದೇ ಪಾಳಿ, ಒಂದೇ ಯಂತ್ರ. ಅವಳು ಪುರಸಭೆಗೆ ಹೋಗಿ ಗುಮಾಸ್ತನ ಮೇಜು ಕುಟ್ಟಿದಳು.

"ನಮ್ಮದು ಎರಡು ಮನೆ."

"ಬಾಗಿಲು ಒಂದೇ ಅಲ್ವಾ ಅಮ್ಮ?"

"ಬಾಗಿಲು ಒಂದಾದ್ರೆ ಮನಸ್ಸು ಒಂದಾಗತ್ತಾ?"

ಒಗೆಯುವ ಮನೆ ತೆರೆದ ಮೇಲೂ ಹಟಕ್ಕೆ ಬಿದ್ದು ಅಂಗಳದ ನಲ್ಲಿಯಲ್ಲೇ ಒಗೆದಳು. ಮಳೆ ಹಿಡಿಯಿತು. ಗಂಡ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದ. ದಿನವೂ ಹೊಲಸಾಗುವ ಹೊದಿಕೆಗಳು ಒಣಗುವ ಹೆಸರೇ ಎತ್ತಲಿಲ್ಲ. ಗಂಡನ ಬೆನ್ನಿನ ಚರ್ಮ ಕೆಂಪಗೆ ಕಿತ್ತುಬಂತು. ಅದನ್ನು ಕಂಡ ಮೇಲೆ ಮನೆಯ ಪಾಳಿ ಬಂದ ಬೆಳಿಗ್ಗೆಯೇ ಅವಳು ಹಲ್ಲು ಕಚ್ಚಿ ಗಂಟು ಹೊತ್ತು ಶೆಡ್ಡಿಗೆ ನಡೆದಳು.

ಓರಗಿತ್ತಿ ಆಗಲೇ ಯಂತ್ರದ ತುಂಬ ಪರದೆ, ಕಾಲೊರಸು ತುರುಕಿದ್ದಳು. ಗುಂಡಿಯಕ್ಕ ಯಂತ್ರದ ಬಾಗಿಲು ತೆಗೆದು ಎಲ್ಲವನ್ನೂ ನೆಲಕ್ಕೆ ಎಳೆದುಹಾಕಿದಳು. ಓರಗಿತ್ತಿ ಅವಳ ಗಂಟನ್ನು ಕಾಲಿನಿಂದ ಒದ್ದಳು. ಗಂಟು ಬಿಚ್ಚಿ ನಾತ ಹರಡಿತು. ಮೇಲ್ವಿಚಾರಕಿ ಓಡಿ ಬಂದು, "ಜಗಳ ಆಡಿದ್ರೆ ಪಾಳಿನೇ ಕಿತ್ತುಹಾಕ್ತೀನಿ," ಎಂದಳು.

ಓರಗಿತ್ತಿ ಆ ಹೊದಿಕೆಗಳನ್ನೇ ನೋಡುತ್ತ ನಿಂತಳು. ಆಮೇಲೆ ಮೇಲ್ವಿಚಾರಕಿಯ ಕಡೆ ತಿರುಗಿ, "ಭಾವನ ಹಾಸಿಗೆ ಬಟ್ಟೆ ಮೊದಲು ಹಾಕ್ಲಿ ಅಂತ ಹೇಳಿ ಅವರಿಗೆ," ಎಂದಳು.

"ಯಾರ ದಯೆನೂ ಬೇಡ ಅಂತ ಹೇಳಿ."

"ದಯೆ ಅಲ್ಲ, ನಾತ ತಡೆಯೋಕಾಗ್ತಿಲ್ಲ ಅಂತ ಹೇಳಿ."

ಗುಂಡಿಯಕ್ಕ ಹೊದಿಕೆಗಳನ್ನು ಯಂತ್ರಕ್ಕೆ ಹಾಕಿದಳು. ಬೆಚ್ಚಗೆ ಒಣಗಿದ ಹೊದಿಕೆಯ ಮೇಲೆ ಗಂಡ ಅಂದು ನರಳದೆ ಮಲಗಿದ. ವಾರಗಳು ಕಳೆದಂತೆ ಅವನ ಬೆನ್ನು ಮಾಗಿತು, ಒಗೆದು ಒಗೆದು ಬಿರಿದಿದ್ದ ಅವಳ ಬೆರಳುಗಳೂ ವಾಸಿಯಾದವು. ಪುರಸಭೆಗೆ ಮಾತ್ರ ಅವಳು ಒಂದು ಒಳ್ಳೆ ಮಾತು ಆಡಲಿಲ್ಲ.

ರೋಗಿಗಳಿರುವ ಮನೆಗೆ ಬೇರೆ ಪಾಳಿ ಕೊಡುವ ನಿಯಮ ಬಂದಾಗ ಗುಮಾಸ್ತ ತಾನೇ ಮನೆಗೆ ಬಂದು ಬೇರೆ ಪಾಳಿ ಬೇಕಾ ಎಂದು ಕೇಳಿದ.

"ಈ ಪಾಳಿನೇ ಇರಲಿ," ಎಂದಳು ಗುಂಡಿಯಕ್ಕ. "ಅವಳ ಮೇಲೆ ಒಂದು ಕಣ್ಣಿಟ್ಟಿರಬೇಕು. ಇಲ್ಲದಿದ್ರೆ ಇಡೀ ಯಂತ್ರ ನುಂಗ್ತಾಳೆ."