ಸೀಟು ಹೊಲಿಯುವವಳ ಗಾಡಿ

ಸೋಮವಾರಕ್ಕೆ ಇನ್ನು ಎರಡೇ ದಿನ. ಅಷ್ಟರೊಳಗೆ ಅವಳಿಗೊಂದು ಬೈಕು ಬೇಕಿತ್ತು. ಅವಳು ಕೆಲಸ ಮಾಡುವ ಸೀಟ್ ಕವರ್ ಅಂಗಡಿ ಅಂದಿನಿಂದ ಬಸ್ಸೇ ಹೋಗದ ಜಾಗಕ್ಕೆ, ಊರಾಚೆಗೆ ಸ್ಥಳಾಂತರವಾಗುತ್ತಿತ್ತು. "ಬರೋಕಾದ್ರೆ ಬನ್ನಿ, ಇಲ್ದಿದ್ರೆ ಬೇರೆಯವರನ್ನ ನೋಡ್ಕೋತೀನಿ" ಎಂದು ಯಜಮಾನ ಹೇಳಿಯಾಗಿತ್ತು. ಹತ್ತೊಂಬತ್ತು ವರ್ಷ ಬೈಕಿನ ಸೀಟು ಹೊಲಿದವಳು ಬೈಕು ಓಡಿಸಲು ಕಲಿತದ್ದು ಮೊನ್ನೆ ಮೊನ್ನೆ, ತಮ್ಮನ ಗಾಡಿಯಲ್ಲಿ. ಲೈಸೆನ್ಸ್ ಬಂದಿತ್ತು, ಧೈರ್ಯ ಬಂದಿರಲಿಲ್ಲ.

ಹಳೇ ಗಾಡಿಗಳ ಅಂಗಡಿಯಲ್ಲಿ ಅವಳು ಅಂಡು ಸುಟ್ಟ ಬೆಕ್ಕಿನಂತೆ ಸುತ್ತುತ್ತಿದ್ದಳು. ತಮ್ಮ ಮಾತ್ರ ಕೆಂಪು ಬೈಕೊಂದರ ಮುಂದೆ ಬೇರು ಬಿಟ್ಟಿದ್ದ.

"ಅಕ್ಕಾ, ನೋಡೇ, ಹೊಸದೇ ಅನ್ಬೇಕು!"

"ಮನೇಲೇ ನಿಂತಿದ್ದ ಗಾಡಿ ಮೇಡಂ, ಒಂದೇ ಕೈ, ಒಬ್ರೇ ಓನರ್" ಎಂದ ಅಂಗಡಿಯವನು.

ಅವಳು ಹತ್ತಿ ಕೂತಳು. ಕಾಲೆರಡೂ ನೆಲಕ್ಕೆ ಊರಿದವು. ಅರ್ಧ ಭಯ ಇಳಿಯಿತು. ಚಾಳಿಬಿದ್ದ ಬೆರಳು ಸೀಟಿನಂಚಿನ ಕೆಳಗೆ ಹೋಯಿತು. ಕೊನೆಯಲ್ಲಿ ದಾರ ಬಿಚ್ಚದಂತೆ ಹಿಂದಕ್ಕೆ ಹಾಕಿದ ಮೂರು ಹೊಲಿಗೆ, ಮೂರನೆಯದು ಓರೆ. ಆ ಓರೆ ಅವಳದೇ. ಹೋದ ತಿಂಗಳು ಬಂದ ಸೀಟು. ಹಳೇ ಕವರ್ ಹರಿದಾಗ ಸ್ಪಂಜಿನೊಳಗಿಂದ ಒಣಗಿದ ಕೆಸರು ಮೇಜಿನ ತುಂಬ ಉದುರಿತ್ತು, ಜೊತೆಗೊಂದು ಪುಟ್ಟ ಬಸವನಹುಳುವಿನ ಚಿಪ್ಪು. ಮೇಜು ಒರೆಸಿ, ಹೊಸ ಸ್ಪಂಜು ತುಂಬಿ ಹೊಲಿದು, ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೆಸರಾದದ್ದು ಇವಳ ಕೈ, ಮೊಸರು ಈ ಮಹರಾಯನ ಬಾಯಿಗೆ.

"ಇದು ನೀರಲ್ಲಿ ಮುಳುಗಿದ್ದ ಗಾಡಿ" ಎಂದಳು.

"ಯಾರಮ್ಮ ಹೇಳಿದ್ದು?"

"ಈ ಸೀಟು ಹೊಲಿದಿದ್ದು ನಾನೇ."

ಅವನ ನಗು ಮಾಯವಾಯಿತು. ಹತ್ತಿರ ಬಂದು ಮೆಲ್ಲಗೆ ಹೇಳಿದ: "ನಿಮ್ ಯಜಮಾನ್ರಿಗೆ ಅರ್ಧ ಕೆಲಸ ಕೊಡೋದು ನಾನು. ಅವರಿಗೊಂದು ಫೋನ್ ಮಾಡ್ಲಾ?"

ಅವಳು ಕೆಂಪು ಗಾಡಿಯಿಂದ ಇಳಿದಳು.

ಮೂಲೆಯಲ್ಲಿ ಬೂದು ಬಣ್ಣದ ಹಳೇ ಗಾಡಿಯೊಂದಿತ್ತು. ಸೀಟು ಹರಿದು ಸ್ಪಂಜು ಇಣುಕುತ್ತಿತ್ತು. ಮುಂದೆ ಒಂದೇ ಕಡೆ ತಗ್ಗು, ಹಿಂದೆ ಹೊಸದರಂತೆ ಉಬ್ಬು. ಯಾರೋ ಒಬ್ಬರೇ ದಿನಾ ಕೆಲಸಕ್ಕೆ ಓಡಿಸಿದ್ದು. ಸ್ಪಂಜನ್ನು ಚಿವುಟಿ ಮೂಸಿದಳು; ಧೂಳಿನ ವಾಸನೆ, ಕೆಸರಿನದಲ್ಲ. ತಣ್ಣಗಿದ್ದ ಎಂಜಿನ್ನು ತಮ್ಮನ ಎರಡನೇ ಒದೆತಕ್ಕೆ ಎದ್ದಿತು.

"ಇದಾ? ಮೂತಿ ನೋಡೇ ಇದರದ್ದು!" ಎಂದ ತಮ್ಮ.

"ಮದುವೆ ಆಗ್ತಿಲ್ಲ ಕಣೋ, ಕೆಲಸಕ್ಕೆ ಹೋಗ್ಬೇಕು."

ಕಾಗದಪತ್ರ ಮುಗಿಸಿ ಹೊರಡುವಾಗ, ಇನ್ನೂ ಪ್ಲಾಸ್ಟಿಕ್ಕು ಬಿಚ್ಚದ ಹೆಲ್ಮೆಟ್ಟು ಹಿಡಿದ ಹುಡುಗಿಯೊಬ್ಬಳು ಒಳಗೆ ಬಂದಳು. ನೆಟ್ಟಗೆ ಕೆಂಪು ಗಾಡಿಯ ಹತ್ತಿರ ಹೋಗಿ ಹತ್ತಿ ಕೂತು, ಕಾಲು ಊರಿ ನೋಡಿ ನಕ್ಕಳು. ಅಂಗಡಿಯವನು ಇವಳನ್ನೇ ದಿಟ್ಟಿಸುತ್ತಿದ್ದ. ಇವಳು ತಲೆ ತಗ್ಗಿಸಿ ಹೊರಗೆ ನಡೆದಳು. ಹುಡುಗಿಗೆ ಹೇಳದೆ ಬಂದ ನಾಚಿಕೆ ಭಾನುವಾರವಿಡೀ ಅವಳನ್ನು ಕೂರಲು ಬಿಡಲಿಲ್ಲ, ಉಣ್ಣಲೂ ಬಿಡಲಿಲ್ಲ.

ಸೋಮವಾರ ದಾರಿಯಲ್ಲಿ ಆರು ಸಲ ಎಂಜಿನ್ನು ನಿಂತಿತು. ಹಿಂದಿನ ಲಾರಿಯವನು ಅವಳ ಏಳು ತಲೆಮಾರನ್ನೂ ನೆನೆದ. ಆದರೂ ಹತ್ತು ನಿಮಿಷ ಮೊದಲೇ ತಲುಪಿದಳು.

ಮೇಜಿನ ಮೇಲೆ ಆಗಲೇ ಒಂದು ಸೀಟು ಕಾದಿತ್ತು.

"ಆ ಹಳೇ ಗಾಡಿ ಅಂಗಡೀದು, ಅರ್ಜೆಂಟಂತೆ" ಎಂದ ಯಜಮಾನ.

ಕವರ್ ಬಿಚ್ಚಿದಳು. ಉದುರಿದ ಕೆಸರನ್ನು ಒರೆಸಿದಳು. ಕೆಟ್ಟದಾಗಿ ಹೊಲಿಯಲು ಅವಳಿಗೆ ಬರುವುದಿಲ್ಲ. ಚೆನ್ನಾಗಿಯೇ ಹೊಲಿದಳು, ಕೊನೆಯ ಓರೆ ಹೊಲಿಗೆಯ ಸಮೇತ. ಆಮೇಲೆ ಸೀಟನ್ನು ಮಗುಚಿ, ತಳದ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ, ಎತ್ತಿ ನೋಡಿದವರಿಗಷ್ಟೇ ಕಾಣುವಂತೆ, ಗುರುತು ಹಾಕುವ ಬಿಳಿ ಪೆನ್ನಿನಿಂದ ದಪ್ಪಕ್ಷರದಲ್ಲಿ ಬರೆದಳು: ನೀರಲ್ಲಿ ಮುಳುಗಿದ ಗಾಡಿ. ಶಾಯಿ ಆರುವವರೆಗೆ ಊದಿ, ಮುಗಿದ ಸೀಟುಗಳ ಸಾಲಿನಲ್ಲಿ ಇಟ್ಟು, ಮುಂದಿನದನ್ನು ಎಳೆದುಕೊಂಡಳು.